ಆಮಶಂಕೆ: ಮಲ ಪರೀಕ್ಷೆಗೆ ಮಾದರಿ ಕೊಡುವ ಸರಿಯಾದ ಕ್ರಮ

ಹೊಲದ ಒಂದೇ ಮೂಲೆಯ ಹಿಡಿ ಮಣ್ಣಿನಿಂದ ಇಡೀ ಜಮೀನಿನ ಸತ್ವ ತಿಳಿಯಲಾಗದೆಂಬುದು ರೈತ ಬಾಂಧವರಿಗೆ ಗೊತ್ತಿರುವ ವಿಷಯ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬರೆದುಕೊಡುವ ಮಲ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ.

ಹೊಟ್ಟೆನುಲಿತ, ಪದೇ ಪದೇ ಭೇದಿ, ಮಲದಲ್ಲಿ ಲೋಳೆ ಅಥವಾ ರಕ್ತ ಕಂಡುಬಂದರೆ ಕರುಳಿನಲ್ಲಿ ಏಕಕೋಶ ಪರಾವಲಂಬಿ ಜೀವಿಗಳಿರಬಹುದು. ಅಮೀಬಾ ಮತ್ತು ಜಿಯಾರ್ಡಿಯಾ ಇವುಗಳಲ್ಲಿ ಮುಖ್ಯವಾದವು. ಜಂತುಹುಳುವಿನಂತೆ ಇವು ಬರಿಗಣ್ಣಿಗೆ ಕಾಣುವುದಿಲ್ಲ.

ಎರಡು ಅವಸ್ಥೆಗಳು

ನೀರಾದ ಮಲದಲ್ಲಿ ಹೆಚ್ಚಾಗಿ ಇರುವುದು ಚಲಿಸುವ ಜೀವಿ. ದೇಹದಿಂದ ಹೊರಬಂದ ಮೇಲೆ ಇದು ಬೇಗನೆ ಸಾಯುತ್ತದೆ. ಗಟ್ಟಿ ಮಲದಲ್ಲಿರುವುದು ಕವಚದೊಳಗೆ ಸುಪ್ತವಾಗಿರುವ 'ಸಿಸ್ಟ್'. ಇದು ಬೀಜದಂತೆ ತೇವದಲ್ಲಿ ಹಲವು ದಿನ ಬದುಕಿ ರೋಗ ಹರಡುತ್ತದೆ. ಪ್ರಯೋಗಶಾಲೆಯಲ್ಲಿ ಮಲದ ಚೂರನ್ನು ಉಪ್ಪಿನ ದ್ರಾವಣದಲ್ಲಿ ಕದಡಿ ಚಲಿಸುವ ಜೀವಿಯನ್ನೂ, ಅಯೋಡಿನ್ ಬೆರೆಸಿ ಸಿಸ್ಟನ್ನೂ ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಾರೆ. ಬಲಿತ ಅಮೀಬಾ ಸಿಸ್ಟಿನಲ್ಲಿ 4 ಕೋಶಕೇಂದ್ರಗಳಿರುತ್ತವೆ.

ಮಾದರಿ ಕೊಡುವಾಗ

1. ಶುಚಿಯಾದ, ಒಣಗಿದ, ಅಗಲ ಬಾಯಿಯ ಡಬ್ಬಿ ಬಳಸಿ. ಮೂತ್ರ, ನೀರು, ಮಣ್ಣು ಬೆರೆಯಬಾರದು.
2. ಲೋಳೆ ಅಥವಾ ರಕ್ತವಿರುವ ಭಾಗವನ್ನು ತಪ್ಪದೆ ಸೇರಿಸಿ.
3. ನೀರಾದ ಮಲವನ್ನು ಅರ್ಧ ಗಂಟೆಯೊಳಗೆ ಪರೀಕ್ಷಿಸಬೇಕು. ಆದ್ದರಿಂದ ಹಳ್ಳಿಯಿಂದ ಡಬ್ಬಿ ಹೊತ್ತು ತರುವ ಬದಲು ಆಸ್ಪತ್ರೆಯಲ್ಲೇ ಕೊಡುವುದು ಲೇಸು.
4. ಸಿಸ್ಟ್‌ಗಳು ಪ್ರತಿದಿನವೂ ಹೊರಬೀಳುವುದಿಲ್ಲ. ಒಮ್ಮೆ 'ಏನೂ ಇಲ್ಲ' ಎಂದು ವರದಿ ಬಂದರೂ ತೊಂದರೆ ಮುಂದುವರಿದರೆ, ವೈದ್ಯರ ಸಲಹೆಯಂತೆ ದಿನ ಬಿಟ್ಟು ದಿನ ಒಟ್ಟು 3 ಮಾದರಿ ಕೊಡಿ.
5. ಅಂಗಡಿಯಿಂದ ತಂದ ಭೇದಿ ಮಾತ್ರೆ ಈಗಾಗಲೇ ನುಂಗಿದ್ದರೆ ಮುಚ್ಚಿಡದೆ ತಿಳಿಸಿ. ಕೆಲವು ಔಷಧಿಗಳಿಂದ ಜೀವಿಗಳು ಪರೀಕ್ಷೆಯಲ್ಲಿ ಮರೆಯಾಗುತ್ತವೆ, ಆದರೆ ರೋಗ ಉಳಿಯಬಹುದು.

ಭೇದಿಯಾಗುತ್ತಿರುವ ಕರುಗಳ ಆರೈಕೆ ಮಾಡಿದವರು ಅದನ್ನೂ ವೈದ್ಯರಿಗೆ ಹೇಳಬೇಕು. ಕರುಗಳಿಂದ ಮನುಷ್ಯರಿಗೆ ಅಂಟುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಜೀವಿಯನ್ನು ಗುರುತಿಸಲು ಬೇರೆಯೇ ಬಣ್ಣದ ಪರೀಕ್ಷೆ ಬೇಕು.

'ಅಮೀಬಾ ಇದೆ' ಎಂದ ಮಾತ್ರಕ್ಕೆ ಗಾಬರಿಯೂ ಬೇಡ. ನೋಡಲು ಹಾಗೆಯೇ ಇರುವ ನಿರುಪದ್ರವಿ ಅಮೀಬಾವೂ ಉಂಟು. ರೋಗಲಕ್ಷಣಗಳನ್ನೂ ಅಗತ್ಯವಿದ್ದರೆ ಬೇರೆ ಪರೀಕ್ಷೆಗಳನ್ನೂ ನೋಡಿ ವೈದ್ಯರೇ ತೀರ್ಮಾನಿಸುತ್ತಾರೆ.

ರೋಗದ ಮೂಲ ಹಲವು ವೇಳೆ ನಮ್ಮ ಜಮೀನಿನಲ್ಲೇ ಇರುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗೆ ಚರಂಡಿ ನೀರನ್ನಾಗಲಿ ಕೊಳೆಯದ ಮಲಗೊಬ್ಬರವನ್ನಾಗಲಿ ಹಾಕಬೇಡಿ. ಶೌಚಾಲಯ ಬಳಸಿ, ಸಾಬೂನಿನಿಂದ ಕೈ ತೊಳೆಯಿರಿ, ನೀರನ್ನು ಕುದಿಸಿ ಕುಡಿಯಿರಿ. ಮಾಮೂಲು ಪ್ರಮಾಣದ ಕ್ಲೋರಿನ್ನಿಗೆ ಈ ಸಿಸ್ಟ್‌ಗಳು ಸುಲಭವಾಗಿ ಸಾಯುವುದಿಲ್ಲ. ಕುದಿಯುವ ನೀರಿನಲ್ಲಿ ಮಾತ್ರ ಉಳಿಯಲಾರವು.