ಹಾಲಿನ ಲೆಕ್ಕದ ಪುಸ್ತಕ

ಮೊದಲು ದೋಸೆ, ಆಮೇಲೆ ಮಾತ್ರೆ. ನಮ್ಮ ಅಡುಗೆಮನೆಯಲ್ಲಿ ಈಗ ಇದೇ ಕಾನೂನು. ಮಾತ್ರೆ ಒಳಗೆ ಹೋಗಿ ಕೆಲಸ ಶುರು ಮಾಡಿತೋ, ಹಸಿವು ಎಲ್ಲೋ ಹೋಗಿ ಅಡಗಿಕೊಳ್ಳುತ್ತದೆ. ಮಧ್ಯಾಹ್ನದ ಡಬ್ಬಿ ಕಟ್ಟಿಕೊಟ್ಟ ಹಾಗೇ ವಾಪಸು ಬರುತ್ತದೆ. ಅದಕ್ಕೇ ಬೆಳಿಗ್ಗೆ 7ಕ್ಕೆಲ್ಲ ಕಾವಲಿ ಒಲೆಯ ಮೇಲಿರಬೇಕು. ಆರೂವರೆ ವರ್ಷದ ಮೊಮ್ಮಗ ಒಂದು ಕಾಲು ಕುರ್ಚಿಯ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟುಕೊಂಡು ದೋಸೆಗೆ ಮೂರು ತೂತು ಕೊರೆದು, ಅದನ್ನು ಮುಖಕ್ಕೆ ಹಿಡಿದು ನನ್ನ ಕಡೆ ನೋಡುತ್ತಾನೆ. “ಅಜ್ಜಿ, ನಿನ್ನ ಮೂಗೊಂದೇ ಕಾಣ್ತಿದೆ.” ಮೂರನೇ ದೋಸೆ ಮುಗಿಯುವಾಗ 7.40. ಮಗಳು ಅಂಗೈ ಚಾಚುತ್ತಾಳೆ. ಅದರಲ್ಲಿ 5 ಮಿಲಿಗ್ರಾಂನ ಪುಟ್ಟ ಮಾತ್ರೆ. ನೀರು, ಗುಟುಕು, “ಬಾಯಿ ತೆಗಿ ನೋಡೋಣ.” ನಾಲಿಗೆಯ ಅಡಿಯೂ ತಪಾಸಣೆ.

ಆಮೇಲೆ ನಾನು ಪುಸ್ತಕ ತೆಗೆಯುತ್ತೇನೆ.

ಅದು ಹಳೆಯ ಹಾಲಿನ ಲೆಕ್ಕದ ಪುಸ್ತಕ. ಮನೆಗೆ ಹಾಲು ಹಾಕುವವಳು ಬರುವುದು ನಿಂತ ಮೇಲೆ ಅರ್ಧ ಖಾಲಿ ಉಳಿದಿತ್ತು. ಉಳಿದ ಹಾಳೆಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ: ಮಾತ್ರೆ ಕೊಟ್ಟ ಹೊತ್ತು, ತಿಂದದ್ದು, ನಾಡಿ, ನಿದ್ದೆ, ಅಳು–ಸಿಟ್ಟು, ತಲೆನೋವು–ಹೊಟ್ಟೆನೋವು. ಕೊನೆಯ ಮನೆಗೆ ‘ಕಣ್ಣು ಮಿಟುಕು’ ಎಂದು ಹೆಸರು. ಸುಮ್ಮಸುಮ್ಮನೆ ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು, ಗಂಟಲು ಕೆರೆಯುವುದು ಹೊಸದಾಗಿ ಶುರುವಾದರೆ ತಿಳಿಸಿ ಎಂದಿದ್ದರು ಡಾಕ್ಟರು. ನಾಡಿ ನೋಡುವುದು ನನ್ನ ಪಾಲಿನ ಕೆಲಸ. ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ಇರುವುದು ನನ್ನೊಬ್ಬಳಿಗೇ. 92, 96, ಒಮ್ಮೆ 104. ಆ 104ಕ್ಕೆ ಮೊದಲು ಅವನು ಮೆಟ್ಟಿಲನ್ನು ಎರಡು ಸಲ ಹತ್ತಿಳಿದಿದ್ದ ಎಂದೂ ಪಕ್ಕದಲ್ಲಿ ಬರೆದಿದ್ದೇನೆ.

ಕೂತಲ್ಲಿ ಕೂರದ, ಗಮನ ನಿಲ್ಲದ ಅವನ ತೊಂದರೆಗೆ ಮಾತ್ರೆಯವರೆಗೆ ನಾವು ಓಡಿ ಬಂದವರಲ್ಲ. ಐದು ತಿಂಗಳು ಮಗಳು, ಅಳಿಯ ಇಬ್ಬರೂ ಅವನನ್ನು ನಿಭಾಯಿಸುವ ತರಬೇತಿಗೆ ಹೋದರು. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಮಾಡಿದ ಕೂಡಲೇ ಭೇಷ್ ಅನ್ನಿ, ಕೂಗಬೇಡಿ. ಮನೆಯಲ್ಲಿ ಅದು ಅಷ್ಟಿಷ್ಟು ಫಲ ಕೊಟ್ಟಿತು. ನಲವತ್ತು ಮಕ್ಕಳ ಒಂದನೇ ತರಗತಿಯಲ್ಲಿ ಕೊಡಲಿಲ್ಲ. ಆಗ ಮಾತ್ರೆ ಬರೆಯುವ ಮೊದಲು ಡಾಕ್ಟರು ಚಿಕ್ಕ ಮಕ್ಕಳ ಪಟ್ಟಿ ಸುತ್ತಿ ಬಿಪಿ ನೋಡಿದರು. ದೊಡ್ಡವರ ಪಟ್ಟಿ ಈ ತೋಳಿಗೆ ಸುತ್ತಿದರೆ ಲೆಕ್ಕ ತಪ್ಪಾಗುತ್ತದಂತೆ. ಓಡುವಾಗ ಎಂದಾದರೂ ತಲೆಸುತ್ತಿ ಬಿದ್ದಿದ್ದನೆ? ವಂಶದಲ್ಲಿ ಚಿಕ್ಕ ವಯಸ್ಸಿಗೇ ಹೃದಯ ನಿಂತು ಹೋದವರುಂಟೆ? ಇಲ್ಲ, ಇಲ್ಲ. ತೂಕ 19 ಕಿಲೊ 200 ಗ್ರಾಂ, ಎತ್ತರ 115 ಸೆಂಟಿಮೀಟರ್.

ಔಷಧಿಯ ಹೆಸರು ಮಿಥೈಲ್‌ಫೆನಿಡೇಟ್. ಅದು ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಎಲ್ಲ ಅಂಗಡಿಯವರೂ ಇಟ್ಟಿರುವುದಿಲ್ಲ. ಮೈಸೂರಿನಲ್ಲಿ ನಮಗೆ ಸಿಕ್ಕಿದ್ದು ನಾಲ್ಕನೆಯ ಅಂಗಡಿಯಲ್ಲಿ, ಅದೂ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ ಮೇಲೆ. “ಮಗುವಿಗಾ?” ಎಂದು ಕೇಳಿದವನ ಕಣ್ಣನ್ನು ಮಗಳು ಇನ್ನೂ ಮರೆತಿಲ್ಲ. ಈಗ ಆ ಮಾತ್ರೆ ನನ್ನ ಬೀರುವಿನೊಳಗೆ, ಒಡವೆಯ ಡಬ್ಬಿಯ ಪಕ್ಕದಲ್ಲಿ, ಬೀಗದ ಕಾವಲಿನಲ್ಲಿದೆ.

ಅಳಿಯ ಓದಿ ಹೇಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ಡಾಕ್ಟರು ತಮ್ಮ ಆಸ್ಪತ್ರೆಯ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ, ಇದೇ ಜಾತಿಯ ಔಷಧಿ ಕೊಟ್ಟರು. ಎಷ್ಟೋ ಮಕ್ಕಳು ಪಾಠಕ್ಕೆ ಕೂತರು, ಲೆಕ್ಕ ಮಾಡಿದರು. ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಎಂದು ಹೆಸರಿಟ್ಟರಂತೆ. ನಾನು 34 ವರ್ಷ ಮಗ್ಗಿ ಹೇಳಿಕೊಟ್ಟವಳು, ನಗದೆ ಇರಲಾಗಲಿಲ್ಲ. ಕೂತಲ್ಲಿ ಕೂರದ ಹುಡುಗರನ್ನು ನಾನು ಚಾಕ್‌ಪೀಸ್ ತರಲು, ಬೋರ್ಡ್ ಒರೆಸಲು, ಗಂಟೆ ಹೊಡೆಯಲು ಕಳಿಸುತ್ತಿದ್ದೆ. ಅದು ಅವರ ಮೇಲಿನ ದಯೆಯೋ, ಐದು ನಿಮಿಷ ನನಗೆ ಉಸಿರು ಸಿಗಲೆಂಬ ಉಪಾಯವೋ ಇವತ್ತಿಗೂ ಹೇಳಲಾರೆ.

ಮೊದಲ ಮಾತ್ರೆ ಕೊಟ್ಟದ್ದು ಒಂದು ಶನಿವಾರ, ಇಡೀ ದಿನ ಮನೆಯವರ ಕಣ್ಣೆದುರಿಗೇ ಇರಲಿ ಎಂದು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಅವನು ನೆಲದ ಮೇಲೆ ಬೋರಲು ಮಲಗಿ ಲಾರಿಯ ಚಿತ್ರ ಶುರು ಮಾಡಿದ. ಹತ್ತು ಚಕ್ರ. ಹತ್ತಕ್ಕೂ ಕಡ್ಡಿ. ಲಾರಿಯ ಹಿಂದೆ ‘ಹಾರ್ನ್ ಮಾಡಿ’. ಚಿತ್ರ ಪೂರ್ತಿ ಮುಗಿಸಿದ! ನಮ್ಮ ಮನೆಯ ಗೋಡೆ ಗಡಿಯಾರ ಸದ್ದು ಮಾಡುತ್ತದೆ ಎಂಬುದೇ ನನಗೆ ಆಗ ತಿಳಿದದ್ದು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು; ಕೈಯಲ್ಲಿ ಹಿಡಿದ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

ಅದರ ಬಲ ಇರುವುದು ನಾಲ್ಕು ಗಂಟೆ ಹೊತ್ತು. ಒಂದು ವಾರ ಕಳೆದು ಮಧ್ಯಾಹ್ನಕ್ಕೂ ಒಂದು ಮಾತ್ರೆ ಸೇರಿದ ಮೇಲೆ ಇಳಿಗಾಲ ಸಂಜೆಗೆ ಬಂತು. ಐದರ ಹೊತ್ತಿಗೆ ಪೆನ್ಸಿಲಿನ ಮೊನೆ ಮುರಿಯಿತೆಂದು ಲೋಕವೇ ಮುಳುಗಿದಂತೆ ಅಳು. ಔಷಧಿ ಇಳಿಯುವಾಗ ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಕರುಳು ಕೇಳಬೇಕಲ್ಲ. ಆರಕ್ಕೆ ಹಸಿವು ದಾಳಿಯಿಡುತ್ತದೆ. ತುಪ್ಪ ಸವರಿದ ಅಕ್ಕಿರೊಟ್ಟಿ, ರಾಗಿ ಮಾಲ್ಟು, ಬಾಳೆಹಣ್ಣು, ಮತ್ತೆ ಎಂಟಕ್ಕೆ ಊಟ. ರಾತ್ರಿ ಒಂಬತ್ತೂವರೆಗೂ ಫ್ಯಾನಿನ ರೆಕ್ಕೆ ಎಣಿಸುತ್ತಿರುತ್ತಾನೆ. ಎಲ್ಲವೂ ಪುಸ್ತಕಕ್ಕೆ.

ಮೂರನೇ ವಾರ ಬೆಳಗಿನ ಮಾತ್ರೆ 10 ಮಿಲಿಗ್ರಾಂ ಆಯಿತು. ಶುಕ್ರವಾರ ಶಾಲೆಯ ಡೈರಿಯಲ್ಲಿ ಒಂದು ನಕ್ಷತ್ರ, ಕೆಳಗೆ ಟೀಚರ ದುಂಡು ಅಕ್ಷರ: ‘ತುಂಬಾ ಸುಧಾರಿಸಿದ್ದಾನೆ. ಹೀಗೇ ಮುಂದುವರಿಸಿ.’ ಅಳಿಯ ಅದರ ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದ.

ಭಾನುವಾರ ಹನ್ನೊಂದು ಗಂಟೆ. ಹಿತ್ತಿಲ ಮೆಟ್ಟಿಲ ಮೇಲೆ ಅವನು ಕೂತಿದ್ದ. ಎದುರಿಗೆ ಇರುವೆಗಳು ಸತ್ತ ಜಿರಳೆಯೊಂದನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದವು. ಎಂದಿನಂತಾಗಿದ್ದರೆ ಅಷ್ಟರಲ್ಲಿ ಎಲೆಯ ಸೇತುವೆ, ನೀರಿನ ಕಾಲುವೆ, ಜಿರಳೆಗೊಂದು ಹೆಸರು ಎಲ್ಲ ಆಗಿರಬೇಕಿತ್ತು. ಕೈ ಮಡಿಲಲ್ಲೇ ಇತ್ತು. ಊಟಕ್ಕೆ ಕೂತಾಗ ಹಪ್ಪಳವನ್ನು ಟೋಪಿ ಮಾಡಲಿಲ್ಲ. ಅಂಚು ಮುರಿದು, ತಟ್ಟೆಯಲ್ಲೇ ಬಿಟ್ಟ. “ಯಾಕೋ ಮರಿ, ಆಟ ಆಡಲ್ವಾ?” “ಆಡ್ಬೇಕು ಅನ್ಸಲ್ಲ ಅಜ್ಜಿ.” ಅಳಲಿಲ್ಲ, ಸಿಟ್ಟಿಲ್ಲ, ನಾಡಿ 98, ತಲೆನೋವಿಲ್ಲ. ನನ್ನ ಗೆರೆಗಳ ಪ್ರಕಾರ ಅಂದು ಅತ್ಯುತ್ತಮ ದಿನ. ಗೆರೆ ಎಳೆದವಳು ಮೇಷ್ಟರ ಕಣ್ಣಿನಿಂದಲೇ ಎಳೆದಿದ್ದಳು, ಗಲಾಟೆ ಇದೆಯೇ ಇಲ್ಲವೇ ಎಂದಷ್ಟೇ.

ಸೋಮವಾರ ಮಗಳು ಡಾಕ್ಟರಿಗೆ ಫೋನ್ ಮಾಡಿದಳು. ಮಂಕು ಕವಿಯುವುದೂ ಅಡ್ಡಪರಿಣಾಮವೇ, ಡೋಸ್ ಅವನ ಅಳತೆ ಮೀರಿದೆ ಎಂದರು ಡಾಕ್ಟರು. ಒಂದೂವರೆ ಮಾತ್ರೆಗೆ, 7.5ಕ್ಕೆ ಇಳಿಸಿದರು. ನಕ್ಷತ್ರ ಹಾಕಿದ ಟೀಚರನ್ನು ದೂರುವುದಿಲ್ಲ. ನಾನಿದ್ದರೂ ಹಾಕುತ್ತಿದ್ದೆ, ಬಹುಶಃ ಎರಡು. ಪುಸ್ತಕದ ಅಂಚಿನಲ್ಲಿ ಹೊಸ ಗೆರೆ ಎಳೆದೆ. ಅದನ್ನು ತುಂಬುವುದು ನಾನಲ್ಲ. ದಿನಾ ಸಂಜೆ ಅವನೇ ಒಂದು ಮುಖ ಬರೆಯುತ್ತಾನೆ: ಒಮ್ಮೆ ನಗು, ಒಮ್ಮೆ ಹಲ್ಲು, ಒಮ್ಮೆ ಮೀಸೆ. ಮೀಸೆಗೆ ಏನರ್ಥವೆಂದು ಕೇಳಿದರೆ “ಪೊಲೀಸ್” ಅಂದ.

ತಿಂಗಳು ತುಂಬಿದ ದಿನ ಮತ್ತೆ ಆಸ್ಪತ್ರೆ. 10.30. ಬಿಪಿ ಸರಿ, ಎತ್ತರ ಅಷ್ಟೇ. ತೂಕ 18 ಕಿಲೊ 900. 300 ಗ್ರಾಂ ಕಡಿಮೆ. ಡಾಕ್ಟರು ಪುಸ್ತಕದ ಹಾಳೆ ತಿರುವಿ ಸಂಜೆಯ ರೊಟ್ಟಿಯನ್ನು ಲೆಕ್ಕ ಹಾಕಿ, ಹೀಗೇ ತಿನ್ನಿಸಿ, ಮುಂದಿನ ತಿಂಗಳು ಇದೇ ಯಂತ್ರದಲ್ಲಿ ನೋಡೋಣ ಎಂದರು. ಇವನು ಇನ್ನೂ ತಕ್ಕಡಿಯ ಮೇಲೇ ಇದ್ದ. ಒಂದು ಕಾಲು ಎತ್ತಿ ನೋಡಿದ, ಉಸಿರು ಹಿಡಿದು ನೋಡಿದ.

“ಅಲುಗಾಡಬೇಡ ಕಂದ,” ಎಂದಳು ನರ್ಸು.

“ಆಂಟಿ, ಈ ತಕ್ಕಡಿ ಎಷ್ಟು ತೂಕ ಇದೆ?”

ಅವಳು ಬಗ್ಗಿ ಯಂತ್ರದ ಅಡಿಯನ್ನು ನೋಡಿದಳು. “ಗೊತ್ತಿಲ್ವಲ್ಲೋ. ಇಳಿ, ಇನ್ನೊಂದರ ಮೇಲಿಟ್ಟು ನೋಡೋಣ.”