ಮೊದಲು ಯಾವ ವಿದ್ಯೆ?

ತಂಗಿಯ ಫೋನ್ ಬಂದಾಗ ನಾನು ಇಶಾ ಮುಗಿಸಿ ಊಟಕ್ಕೆ ಕುಳಿತಿದ್ದೆ.

"ಅಣ್ಣಾ, ಅವನಿಗೆ ಸ್ವಲ್ಪ ಬುದ್ಧಿ ಹೇಳು. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಆ ಕಂಪ್ಯೂಟರ್ ಮುಂದೆ ಕುಳಿತು ಸಾಯುತ್ತಾನೆ, ಏಳುತ್ತಾನೆ, ಮತ್ತೆ ಸಾಯುತ್ತಾನೆ. ನಾಳೆ ಅದನ್ನು ಮಾರಿಯೇ ಬಿಡುತ್ತೇನೆ."

ಮಗನಿಗೆ ಹತ್ತೊಂಬತ್ತು ವರ್ಷ. ಬಿ.ಕಾಂ. ಎರಡನೇ ವರ್ಷದಲ್ಲಿ ಒಂದು ವಿಷಯ ಹೋಗಿತ್ತು. ಕಂಪ್ಯೂಟರ್ ತೆಗೆಸಿಕೊಟ್ಟದ್ದು ಗಲ್ಫಿನಲ್ಲಿರುವ ಅವನ ತಂದೆ, ಅದೂ ಅಕೌಂಟಿಂಗ್ ಕಲಿಯಲಿ ಎಂದು. ಹಾಗಾಗಿ ತಂಗಿಯ ಸಿಟ್ಟಿನಲ್ಲಿ ಗಂಡನ ಬೆವರಿನ ಲೆಕ್ಕವೂ ಸೇರಿತ್ತು. ಮಾರಿದರೆ ತಾಯಿ-ಮಗನ ನಡುವೆ ಮಾತೇ ನಿಲ್ಲುವ ಹಾಗಿತ್ತು.

ಮರುದಿನ ಮಧ್ಯಾಹ್ನ ಹೋದೆ. ಉಪದೇಶದ ಸಿದ್ಧತೆ ಮಾಡಿಕೊಂಡೇ ಹೋಗಿದ್ದೆ, ನಾವು ಮಾಸ್ತರರಿಗೆ ಅದಕ್ಕೇನು ಕಷ್ಟ? ಆದರೆ ಹುಡುಗನ ಮುಖ ನೋಡಿ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಡಿ ಮೈಮರೆತವನ ಮುಖ ಅದಾಗಿರಲಿಲ್ಲ. ಲೆಕ್ಕ ಬಿಡಿಸಲಾಗದೆ ಬೋರ್ಡಿನ ಮುಂದೆ ನಿಂತ ಮಗುವಿನ ಮುಖವಾಗಿತ್ತು. "ಏನು ತೊಂದರೆ ತೋರಿಸು" ಎಂದು ಕುರ್ಚಿ ಎಳೆದು ಕುಳಿತೆ. ಅವನಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಆಟದ ಹೆಸರು 'ಸೆಕಿರೊ: ಶ್ಯಾಡೋಸ್ ಡೈ ಟ್ವೈಸ್'. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪೆನಿ ತಯಾರಿಸಿ 2019ರ ಮಾರ್ಚ್‌ನಲ್ಲಿ ಹೊರಬಂದದ್ದು. ನಿರ್ದೇಶಕರು ಹಿದೆತಾಕಾ ಮಿಯಾಝಾಕಿ. ಆ ವರ್ಷದ 'ಗೇಮ್ ಅವಾರ್ಡ್ಸ್'ನಲ್ಲಿ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿ ಇದಕ್ಕೇ ಸಿಕ್ಕಿತು. ಹದಿನಾರನೇ ಶತಮಾನದ ಕೊನೆಯ ಜಪಾನಿನಲ್ಲಿ ಆಶಿನಾ ಎಂಬ ಕಲ್ಪಿತ ಸೀಮೆ. ಎಡಗೈ ಕಳೆದುಕೊಂಡು ಕೃತಕ ಕೈ ಕಟ್ಟಿಕೊಂಡ ಒಬ್ಬ ಗೂಢ ಯೋಧ ತನ್ನ ಎಳೆಯ ಒಡೆಯನನ್ನು ಬಿಡಿಸಿಕೊಳ್ಳಲು ಹೋಗುತ್ತಾನೆ. ರಕ್ತಪಾತ ಧಾರಾಳವಾಗಿದೆ. ಅಮೆರಿಕದಲ್ಲಿ 17, ಯುರೋಪಿನಲ್ಲಿ 18 ವರ್ಷ ಆದವರಿಗೆ ಎಂದೇ ಮುದ್ರೆ ಒತ್ತಿದ್ದಾರೆ. ಮನೆಯಲ್ಲಿ ಹತ್ತು ವರ್ಷದ ತಮ್ಮನೂ ಇದ್ದಾನೆ. ಮೊದಲು ಅವನನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿಸಿದೆ. ಈ ವಿಷಯದಲ್ಲಿ ನನ್ನದು ರಾಜಿ ಇಲ್ಲ.

ಇದರಲ್ಲಿ ಸುಲಭ, ಕಠಿಣ ಎಂದು ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಎಲ್ಲರಿಗೂ ಒಂದೇ ಪರೀಕ್ಷೆ. ಎದುರಾಳಿಗಳನ್ನು ಸೋಲಿಸಿದಂತೆ ಅನುಭವ ಕೂಡುತ್ತಾ ಹೋಗುತ್ತದೆ. ಅದು ತುಂಬಿದಾಗ ಒಂದು ಸ್ಕಿಲ್ ಪಾಯಿಂಟ್. ಮೊದಲ ಪಾಯಿಂಟ್ ಸಿಕ್ಕ ಮೇಲೆ ಹಾಳುಬಿದ್ದ ದೇವಾಲಯದಲ್ಲಿ ಕುಳಿತ ಮುದಿ ಶಿಲ್ಪಿಯನ್ನು ಮಾತಾಡಿಸಿದರೆ ಒಂದು ಗ್ರಂಥ ಕೊಡುತ್ತಾನೆ. ಅದರಲ್ಲಿರುವ ವಿದ್ಯೆಗಳನ್ನು ಪಾಯಿಂಟ್ ತೆತ್ತು ಒಂದೊಂದಾಗಿ ತೆರೆಯಬೇಕು. ಒಮ್ಮೆ ತೆರೆದದ್ದನ್ನು ಹಿಂದಿರುಗಿಸಿ ಪಾಯಿಂಟ್ ವಾಪಸು ಕೇಳುವಂತಿಲ್ಲ. ಮುಂದಿನ ಪಾಯಿಂಟಿಗೆ ಹಿಂದಿನದಕ್ಕಿಂತ ಹೆಚ್ಚು ದುಡಿಯಬೇಕು. ಆದ್ದರಿಂದ ಕೈಯಲ್ಲಿ ಮೂರೋ ನಾಲ್ಕೋ ಪಾಯಿಂಟ್ ಇರುವ ಆರಂಭದ ದಿನಗಳಲ್ಲಿ ಏನು ತೆರೆಯುತ್ತೇವೆ ಎಂಬುದೇ ದೊಡ್ಡ ಪ್ರಶ್ನೆ.

ನಮ್ಮ ಹುಡುಗ ಏನು ತೆರೆದಿದ್ದ? 'ವರ್ಲ್‌ವಿಂಡ್ ಸ್ಲ್ಯಾಶ್'. ಸುಂಟರಗಾಳಿಯಂತೆ ಕತ್ತಿ ತಿರುಗಿಸುವ ಹೊಡೆತ, ನೋಡಲು ಬಹಳ ಚೆಂದ. ಆಮೇಲೆ ಹಗ್ಗದ ಕೊಕ್ಕೆ ಎಸೆದು ಹಾರಿ ಬರುತ್ತಲೇ ಹೊಡೆಯುವ ಇನ್ನೊಂದು. ಎರಡೂ ಹೊಡೆಯುವ ವಿದ್ಯೆಗಳೇ.

"ನೀನು ಸಾಯುವುದು ಯಾವುದರಿಂದ?" ಎಂದು ಕೇಳಿದೆ.

"ಈಟಿಯಿಂದ ಮಾಮ. ಪ್ರತಿ ಸಲ ಅದೇ ಈಟಿ."

ಹಿರಾತಾ ಮನೆತನದ ಬಂಗಲೆ ಎಂಬ ಭಾಗದಲ್ಲಿ ಒಬ್ಬ ಈಟಿಗಾರ ನಿಂತಿರುತ್ತಾನೆ. 'ಶಿನೋಬಿ ಹಂಟರ್' ಎಂದು ಅವನ ಹೆಸರು. ಅವನು ಈಟಿ ತಿವಿಯುವ ಮೊದಲು ಪರದೆಯ ಮೇಲೆ ಅಪಾಯ ಎಂಬರ್ಥದ ಕೆಂಪು ಅಕ್ಷರ ಮಿಂಚುತ್ತದೆ. ಆ ಕೆಂಪು ಕಂಡರೆ ಸುಮ್ಮನೆ ಕತ್ತಿ ಅಡ್ಡ ಹಿಡಿದು ನಿಂತರೆ ಸಾಲದು. ಹುಡುಗ ಪ್ರತಿ ಸಲವೂ ಹಿಂದಕ್ಕೆ ಜಿಗಿಯುತ್ತಿದ್ದ. ಈಟಿ ಉದ್ದವಾದದ್ದು, ಹಿಂದಕ್ಕೆ ಜಿಗಿದವನನ್ನೂ ಬಂದು ಮುಟ್ಟುತ್ತಿತ್ತು. ನನ್ನ ಕಣ್ಣೆದುರೇ ಆರು ಸಲ ಸತ್ತ.

ಅದೇ ಗ್ರಂಥದಲ್ಲಿ 'ಮಿಕಿರಿ ಕೌಂಟರ್' ಎಂಬ ವಿದ್ಯೆ ಇತ್ತು. ಅದರ ವಿವರಣೆಯನ್ನು ನಾನೇ ಓದಿಸಿದೆ. ತಿವಿತ ಬರುವ ಕ್ಷಣದಲ್ಲಿ ಹಿಂದಕ್ಕೆ ಸರಿಯದೆ, ತಪ್ಪಿಸಿಕೊಳ್ಳುವ ಗುಂಡಿಯನ್ನು ಎದುರಾಳಿಯ ಕಡೆಗೇ ಒತ್ತಬೇಕು. ಆಗ ನಮ್ಮವನ ಕಾಲು ಈಟಿಯ ಮೇಲೆ ಬಿದ್ದು ಅದನ್ನು ನೆಲಕ್ಕೆ ಮೆಟ್ಟುತ್ತದೆ. ಈ ಆಟದಲ್ಲಿ ಜೀವದ ಪಟ್ಟಿಯ ಜೊತೆಗೆ 'ಪೋಶ್ಚರ್', ಅಂದರೆ ನಿಲುವಿನ ಪಟ್ಟಿ ಎಂದು ಇನ್ನೊಂದಿದೆ. ಎದುರಾಳಿಯ ನಿಲುವು ಕುಸಿದರೆ, ಜೀವ ಇನ್ನೂ ಉಳಿದಿದ್ದರೂ ಒಂದೇ ಹೊಡೆತಕ್ಕೆ ಅವನು ಮುಗಿದ. ಈಟಿಯನ್ನು ಒಮ್ಮೆ ಮೆಟ್ಟಿದರೆ ಅವನ ನಿಲುವಿಗೆ ಭಾರಿ ಪೆಟ್ಟು ಬೀಳುತ್ತದೆ. ಅಲ್ಲಿಯವರೆಗೆ ಕೊಲ್ಲುತ್ತಿದ್ದ ತಿವಿತವನ್ನೇ ಆಮೇಲೆ ಕಾಯುತ್ತಾ ನಿಲ್ಲುವಂತಾಗುತ್ತದೆ.

"ಇದನ್ನು ಯಾಕೆ ಬಿಟ್ಟೆ?"

"ಅದು ಹೊಡೆಯುವುದಲ್ಲವಲ್ಲ ಮಾಮ, ಅದಕ್ಕೆ."

ನನಗೆ ನಗು ಬಂತು. ಮದ್ರಸಕ್ಕೆ ಮಕ್ಕಳನ್ನು ಸೇರಿಸುವ ತಂದೆತಾಯಿಯರಲ್ಲಿ ಕೆಲವರು ಮೂರನೇ ವಾರಕ್ಕೇ ಕೇಳುತ್ತಾರೆ: "ವಾರ್ಷಿಕೋತ್ಸವದಲ್ಲಿ ವೇದಿಕೆಗೆ ಹತ್ತಿಸುತ್ತೀರಾ ಉಸ್ತಾದ್?" ಮಗುವಿಗೆ ಇನ್ನೂ 'ಹಾ' ಎಲ್ಲಿಂದ ಹೊರಡುತ್ತದೆ, 'ಖಾ' ಎಲ್ಲಿಂದ ಹೊರಡುತ್ತದೆ ಎಂದೇ ಗೊತ್ತಿರುವುದಿಲ್ಲ. ಕಿರಾಅತ್ ಎಲ್ಲರಿಗೂ ಕೇಳುತ್ತದೆ, ಅಕ್ಷರ ಯಾರಿಗೂ ಕಾಣುವುದಿಲ್ಲ. ಹಾಗೆ ನೋಡಿದರೆ ನಾನೂ ಬಿ.ಎ. ಓದುವಾಗ ಇಂಗ್ಲಿಷ್ ವ್ಯಾಕರಣ ಬಿಟ್ಟು ದೊಡ್ಡ ದೊಡ್ಡ ಪದಗಳನ್ನು ಬಾಯಿಪಾಠ ಮಾಡಿದವನೇ. ಫಲಿತಾಂಶ ಏನಾಯಿತೆಂದು ಇಲ್ಲಿ ಹೇಳುವುದು ಬೇಡ.

ಇನ್ನೊಂದು ಮಾತು. ಈ ವಿದ್ಯೆಗಳಲ್ಲಿ ಎರಡು ಬಗೆ. 'ಕಾಂಬ್ಯಾಟ್ ಆರ್ಟ್' ಎನ್ನುವ ವಿಶೇಷ ಹೊಡೆತಗಳನ್ನು ಎಷ್ಟೇ ತೆರೆದಿಟ್ಟರೂ ಒಂದು ಸಲಕ್ಕೆ ಒಂದನ್ನು ಮಾತ್ರ ತೊಡಬಹುದು. ಆರಂಭದಲ್ಲೇ ಮೂರು ಹೊಡೆತ ತೆರೆದವನ ಎರಡು ಪೆಟ್ಟಿಗೆಯಲ್ಲಿ ಕೊಳೆಯುತ್ತವೆ. ಮಿಕಿರಿಯಂಥವು ಹಾಗಲ್ಲ, ಒಮ್ಮೆ ಕಲಿತರೆ ಸದಾ ಜೊತೆಗಿರುತ್ತವೆ. ಮುಂದೆ ಆಶಿನಾ ಗ್ರಂಥ ಕೈಗೆ ಬಂದಾಗ ಅದರಲ್ಲಿ 'ಇಚಿಮೊಂಜಿ' ಎಂಬ ಹೊಡೆತವಿದೆ. ಮೇಲಿಂದ ಕೆಳಕ್ಕೆ ಒಂದೇ ಏಟು, ನೋಡಲು ಏನೂ ಇಲ್ಲ. ಆದರೆ ಅದು ನಮ್ಮ ಕುಸಿಯುತ್ತಿರುವ ನಿಲುವನ್ನೂ ಸರಿಪಡಿಸುತ್ತದೆ. ಹೊಡೆತ ಒಂದು ಬೇಕೇ ಬೇಕೆಂದರೆ ಸುಂಟರಗಾಳಿಗಿಂತ ನನ್ನ ಮತ ಇದಕ್ಕೆ. ಅದೇ ಗ್ರಂಥದ 'ಬ್ರೆತ್ ಆಫ್ ಲೈಫ್: ಲೈಟ್' ಕೊನೆಯ ಹೊಡೆತ ಹಾಕಿದಾಗಲೆಲ್ಲ ಒಂದಿಷ್ಟು ಜೀವ ಹಿಂದಿರುಗಿಸುತ್ತದೆ, ಅದೂ ಒಳ್ಳೆಯದು. ಪಾಯಿಂಟ್ ಕೊಟ್ಟು ಕತ್ತಿಯ ಬಲವನ್ನೇ ಹೆಚ್ಚಿಸುವ ದಾರಿ ಆರಂಭದಲ್ಲಿ ಇಲ್ಲ. ದೊಡ್ಡ ಎದುರಾಳಿಗಳನ್ನು ಗೆದ್ದಾಗ ಮಾತ್ರ ಆ ಬಲ ಬರುತ್ತದೆ.

ಆಗ ಹುಡುಗನ ಬಳಿ ಮಿಕಿರಿಗೆ ಸಾಕಾಗುವಷ್ಟು ಪಾಯಿಂಟ್ ಇರಲಿಲ್ಲ. ಕಾರಣ ಸರಳವಾಗಿತ್ತು. ಸತ್ತರೆ ಇದ್ದ ಹಣದಲ್ಲಿ ಅರ್ಧ, ಮುಂದಿನ ಪಾಯಿಂಟಿಗೆಂದು ಕೂಡಿದ್ದ ಅನುಭವದಲ್ಲೂ ಅರ್ಧ ಹೋಗುತ್ತದೆ. ಎಲ್ಲೋ ಒಮ್ಮೊಮ್ಮೆ ಉಳಿಯುವುದುಂಟು. ಆದರೆ ಪೂರ್ತಿ ತುಂಬಿ ಪಾಯಿಂಟ್ ಆದದ್ದನ್ನು ಸಾವು ಮುಟ್ಟುವುದಿಲ್ಲ. ಇವನೋ ಪಟ್ಟಿ ಮುಕ್ಕಾಲು ತುಂಬಿದಾಗಲೆಲ್ಲ ಈಟಿಗಾರನ ಹತ್ತಿರ ಓಡಿಹೋಗಿ ಅರ್ಧ ಕಳೆದುಕೊಂಡು ಬರುತ್ತಿದ್ದ.

"ಇವತ್ತು ಅವನ ಹತ್ತಿರ ಹೋಗಬೇಡ" ಎಂದೆ.

ಹುಡುಗನಿಗೆ ಇದು ಸೋಲೊಪ್ಪಿದಂತೆ ಕಂಡಿತು. ಆದರೂ ಕೇಳಿದ. ಸಣ್ಣಪುಟ್ಟ ಸೈನಿಕರನ್ನು ಸೋಲಿಸುವುದು, ವಿಶ್ರಾಂತಿ ಪಡೆಯುವುದು. ವಿಶ್ರಾಂತಿ ಪಡೆದರೆ ಆ ಸೈನಿಕರು ಮತ್ತೆ ಎದ್ದು ನಿಲ್ಲುತ್ತಾರೆ. ಅಸರ್ ಹೊತ್ತಿಗೆ ಪಾಯಿಂಟ್ ತುಂಬಿತು. ಮಿಕಿರಿ ತೆರೆದ. ಕೂಡಲೇ ಈಟಿಗಾರನತ್ತ ಹೊರಟವನನ್ನು ಮತ್ತೆ ತಡೆದೆ. ಆ ಹಾಳು ದೇವಾಲಯದ ಅಂಗಳದಲ್ಲಿ ಹನ್‌ಬೆ ಎಂಬ ಸಾವಿಲ್ಲದ ಯೋಧನಿದ್ದಾನೆ. ತೆರೆದ ವಿದ್ಯೆಯನ್ನು ಅವನ ಮೇಲೆ ಎಷ್ಟು ಸಲ ಬೇಕಾದರೂ ಅಭ್ಯಾಸ ಮಾಡಬಹುದು. ಆಟ ಮಾಡಿದವರ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಕಲಿತದ್ದೇ ತಡ ಪರೀಕ್ಷೆಗೆ ನಿಲ್ಲಿಸುವ ನಮ್ಮ ಪದ್ಧತಿಗಿಂತ ಎಷ್ಟೋ ವಾಸಿ.

ಈ ನಡುವೆ ತಂಗಿ ಚಹಾ ತಂದಿಟ್ಟು ಹೋಗದೆ ಬಾಗಿಲಲ್ಲೇ ನಿಂತಿದ್ದಳು. ರಾತ್ರಿ ಅನ್ನ ಉಂಡ ಮೇಲೆ (ಹೌದು, ಉಂಡ) ಹುಡುಗ ಈಟಿಗಾರನ ಎದುರು ನಿಂತ. ಮೊದಲ ಸಲ ಬೇಗ ಒತ್ತಿ ಸತ್ತ. ಎರಡನೇ ಸಲ ಹಳೆಯ ಅಭ್ಯಾಸದಂತೆ ಹಿಂದಕ್ಕೆ ಜಿಗಿದು ಸತ್ತ. ನಾಲ್ಕನೆಯದರಲ್ಲಿ ಕಾಲು ಈಟಿಯ ಮೇಲೆ ಬಿತ್ತು. "ಮೆಟ್ಟಿದ!" ಎಂದು ಕೂಗಿದ್ದು ನಾನಲ್ಲ, ತಂಗಿ.

ಕಂಪ್ಯೂಟರ್ ಮಾರುವ ಮಾತು ಅಲ್ಲಿಗೆ ನಿಂತಿತು. ಅಸರ್ ನಂತರ ಒಂದು ಗಂಟೆ ಮಾತ್ರ ಆಟ, ಹೋದ ವಿಷಯದ ಪರೀಕ್ಷೆ ಮುಗಿಯುವವರೆಗೆ ರಾತ್ರಿ ಇಲ್ಲ ಎಂದು ಮೂವರೂ ಒಪ್ಪಿದೆವು. ಆ ವಿಷಯದಲ್ಲಿ ಅವನು ಅಂಕ ಕಳೆದುಕೊಳ್ಳುತ್ತಿರುವುದು ಎಲ್ಲಿ ಎಂದು ಹಳೆಯ ಉತ್ತರಪತ್ರಿಕೆ ತೆಗೆಸಿ ನೋಡಿದೆವು. ಸವಕಳಿ ಲೆಕ್ಕದಲ್ಲಿ. ಪ್ರತಿ ಸಲ ಅದೇ ಸವಕಳಿ.

ವಾರ ಕಳೆದು ಹೋದಾಗ ಬೇರೊಬ್ಬನೊಡನೆ ಕಾದಾಟ ನಡೆದಿತ್ತು. ಮತ್ತೆ ಅದೇ ಕೆಂಪು ಅಕ್ಷರ, ಆದರೆ ಈಗ ತಿವಿತವಲ್ಲ, ಕಾಲ ಬುಡಕ್ಕೆ ಬೀಸುವ ಹೊಡೆತ. ಹುಡುಗ ಮಿಕಿರಿ ಹಾಕಲು ಹೋಗಿ ಬಿದ್ದ. ತಂಗಿ ಪಕ್ಕದಲ್ಲಿ ಬೀನ್ಸ್ ಹೆಚ್ಚುತ್ತಾ ಕುಳಿತಿದ್ದಳು.

"ಇದಕ್ಕೆ ಯಾವ ವಿದ್ಯೆ ತೆರೆಯಬೇಕು?" ಎಂದು ಕೇಳಿದಳು.

"ಯಾವುದೂ ಬೇಡಮ್ಮಾ, ಹಾರಿದರೆ ಸಾಕು. ಹಾರುವುದು ಮೊದಲಿನಿಂದಲೂ ಬರುತ್ತದೆ."

"ಮತ್ತೆ ಹಾರು" ಎಂದಳು ತಂಗಿ.