ಬೆರಳು ತೋರುವ ದಿಕ್ಕು

ಭೌತಶಾಸ್ತ್ರದ ಪರೀಕ್ಷೆ ನಡೆಯುವ ಕೊಠಡಿಯಲ್ಲಿ ಕೆಲವು ವಿದ್ಯಾರ್ಥಿಗಳು ಮೂರು ಬೆರಳು ಚಾಚಿ ಮಣಿಕಟ್ಟು ತಿರುಗಿಸುತ್ತಿರುತ್ತಾರೆ. ಅದು ಪಕ್ಕದವನಿಗೆ ಮಾಡುವ ಸನ್ನೆಯಲ್ಲ, ಫ್ಲೆಮಿಂಗನ ನಿಯಮ.

ತಂತಿಯಲ್ಲಿ ವಿದ್ಯುತ್ ಹರಿದರೆ ಹತ್ತಿರದ ಕಾಂತಸೂಜಿ ತಿರುಗುವುದನ್ನು 1820ರಲ್ಲಿ ಡೆನ್ಮಾರ್ಕಿನ ಅಯರ್‌ಸ್ಟೆಡ್ ಕಂಡುಕೊಂಡ. ಯಾವ ಕಡೆಗೆ ತಿರುಗುತ್ತದೆ? ನೆನಪಿಡಲು ಫ್ರಾನ್ಸಿನ ಆಂಪೇರ್ ಒಬ್ಬ ಈಜುಗಾರನನ್ನು ಕಲ್ಪಿಸಿದ. ಪ್ರವಾಹದ ದಿಕ್ಕಿನಲ್ಲಿ, ಸೂಜಿಗೆ ಮುಖ ಮಾಡಿ ಈಜುವವನ ಎಡಗೈ ಕಡೆಗೆ ಸೂಜಿಯ ಉತ್ತರ ಧ್ರುವ ಸರಿಯುತ್ತದೆ.

ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರೊಫೆಸರ್ ಜಾನ್ ಆಂಬ್ರೋಸ್ ಫ್ಲೆಮಿಂಗ್ ಕೈಬೆರಳುಗಳನ್ನೇ ಬಳಸಿದ. ಮೂರು ಬೆರಳುಗಳನ್ನು ಒಂದಕ್ಕೊಂದು ಲಂಬವಾಗಿ ಹಿಡಿಯಬೇಕು. ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ವಿದ್ಯುತ್ ಪ್ರವಾಹ, ಹೆಬ್ಬೆರಳು ಚಲನೆ. ವಿದ್ಯುತ್ತಿನಿಂದ ಚಲನೆ ಪಡೆಯುವ ಮೋಟಾರಿಗೆ ಎಡಗೈ. ಚಲನೆಯಿಂದ ವಿದ್ಯುತ್ ಪಡೆಯುವ ಡೈನಮೋಗೆ ಬಲಗೈ.

ಎರಡು ಕೈ ಏಕೆ? ಡೈನಮೋದಲ್ಲಿ ಹುಟ್ಟಿದ ಪ್ರವಾಹ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ಹಾಗಾಗಿ ಕಾಂತಕ್ಷೇತ್ರ, ಚಲನೆ ಅವೇ ಇದ್ದರೂ ಅದರ ದಿಕ್ಕು ಮೋಟಾರಿನ ಪ್ರವಾಹಕ್ಕೆ ವಿರುದ್ಧ. ತಡೆಯುವ ಬದಲು ನೂಕಿದ್ದರೆ, ಒಮ್ಮೆ ತಿರುಗಿಸಿದ ಡೈನಮೋ ತಾನಾಗಿ ವೇಗ ಹೆಚ್ಚಿಸಿಕೊಂಡು ಪುಕ್ಕಟೆ ವಿದ್ಯುತ್ ಕೊಡುತ್ತಿತ್ತು! ಸೈಕಲ್ಲಿನ ಡೈನಮೋ ದೀಪ ಉರಿಯುವಾಗ ಪೆಡಲು ಭಾರವಾಗಲು ಇದೂ ಒಂದು ಕಾರಣ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಬಲಗೈಯಲ್ಲಿ ಪೆನ್ನು ಹಿಡಿದವರು ಡೈನಮೋ ಪ್ರಶ್ನೆಗೂ ಬಿಡುವಾಗಿರುವ ಎಡಗೈಯನ್ನೇ ಚಾಚುತ್ತಾರೆ. ಉತ್ತರ ತಿರುಗುಮುರುಗಾಗುತ್ತದೆ, ಅಂಕ ಹೋಗುತ್ತದೆ. ಇನ್ನೊಂದು ಎಚ್ಚರ: ನಡುಬೆರಳು ತೋರುವುದು ಧನ ವಿದ್ಯುದಂಶ ಹರಿಯುವ ದಿಕ್ಕನ್ನು; ಎಲೆಕ್ಟ್ರಾನುಗಳು ಹರಿಯುವುದು ಅದಕ್ಕೆ ವಿರುದ್ಧವಾಗಿ. ಇಂಥ ಪ್ರಶ್ನೆ ಬಂದಾಗ ಮೊದಲು ಪೆನ್ನು ಕೆಳಗಿಡುವುದೇ ಲೇಸು.